ರೆನೋ 18 ಟರ್ಬೊ, ರೆನೋ 21 ಟರ್ಬೊ: ಟರ್ಬೊ ಒಂದೇ ಜಾತಿ, ಗಾಡಿಗಳ ಗುಣ ಬೇರೆ

1970ರಲ್ಲಿ ಫ್ರಾನ್ಸಿನ ರೆನೋ ಕಂಪನಿ 12 ಗೊರ್ಡಿನಿ ಅಂತ ಒಂದು ಕಾರು ಬಿಟ್ಟಿತು. 1565 ಸಿಸಿ ಎಂಜಿನ್, ಎರಡು ದೊಡ್ಡ ವೆಬರ್ ಕಾರ್ಬುರೇಟರ್, 113 ಹಾರ್ಸ್‌ಪವರ್. ಟರ್ಬೊ ಗಿರ್ಬೊ ಏನೂ ಇಲ್ಲ. ಹತ್ತು ವರ್ಷ ಆದ ಮೇಲೆ, 1980ರಲ್ಲಿ, ಅದೇ ಕಂಪನಿ 18 ಟರ್ಬೊ ತಂದಿತು. ಅದೂ 1565 ಸಿಸಿ, ಅದೇ ವಂಶದ ಎಂಜಿನ್, ಜೊತೆಗೊಂದು ಟರ್ಬೊ, ಅಂದರೆ ಎಂಜಿನ್‌ಗೆ ಗಾಳಿ ಅದುಮಿ ತುಂಬುವ ಸಾಧನ. ಪವರ್ ಎಷ್ಟು ಗೊತ್ತಾ? 110.

ಹತ್ತು ವರ್ಷ ಕಳೆದು, ಟರ್ಬೊ ಹಾಕಿ, ಮೂರು ಕುದುರೆ ಕಮ್ಮಿ ಮಾಡಿಕೊಂಡರು. ಹಾಗಾದರೆ ಟರ್ಬೊ ಯಾಕೆ ಬೇಕಿತ್ತು? ಈ ಪ್ರಶ್ನೆಗೆ ಉತ್ತರ ಸಿಕ್ಕರೆ 18 ಟರ್ಬೊ ಅರ್ಥ ಆಗುತ್ತದೆ, 7 ವರ್ಷ ಬಿಟ್ಟು ಬಂದ 21 ಟರ್ಬೊ ಅದಕ್ಕಿಂತ ಎಷ್ಟು ಬೇರೆ ಅನ್ನುವುದೂ ತಾನಾಗಿ ಅರ್ಥ ಆಗುತ್ತದೆ.

ಗೊರ್ಡಿನಿಯ 113 ಹಾರ್ಸ್‌ಪವರ್ ಸಿಗುತ್ತಿದ್ದದ್ದು 6250 ಆರ್‌ಪಿಎಂನಲ್ಲಿ. ಅಂದರೆ ಎಂಜಿನ್ ಕಿರುಚುವಷ್ಟು ತಿರುಗಿಸಬೇಕು. 18 ಟರ್ಬೊದ 110 ಬರುವುದು 5000ಕ್ಕೇ. ಅದಕ್ಕಿಂತ ಮುಖ್ಯ ಟಾರ್ಕ್, ಅಂದರೆ ಚಕ್ರವನ್ನು ತಿರುಚುವ ಬಲ. ನಮ್ಮ ಕಡೆ ಡ್ರೈವರ್‌ಗಳು 'ಪಿಕಪ್' ಅನ್ನುವುದರಲ್ಲಿ ದೊಡ್ಡ ಪಾಲು ಇದರದ್ದೇ. 18 ಟರ್ಬೊದ್ದು 181 ನ್ಯೂಟನ್ ಮೀಟರ್, ಅದೂ ಬರೀ 2250 ಆರ್‌ಪಿಎಂನಲ್ಲಿ! ಟರ್ಬೊ ಇಲ್ಲದ ಎಂಜಿನ್‌ನಿಂದ ಇಷ್ಟು ಟಾರ್ಕ್ ತೆಗೆಯಬೇಕು ಅಂದರೆ ಆ ಕಾಲದ ಲೆಕ್ಕದಲ್ಲಿ ಸುಮಾರು 2.2 ಲೀಟರ್ ಎಂಜಿನ್ ಬೇಕಾಗುತ್ತಿತ್ತು. ಎದುರಿಗೆ ಲಾರಿ ಇದೆ, ನಾಲ್ಕನೇ ಗೇರ್‌ನಲ್ಲಿದ್ದೀರಿ, ಆಕ್ಸಿಲರೇಟರ್ ಒತ್ತಿದರೆ ಸಾಕು, ಗೇರ್ ಇಳಿಸದೆ ಓವರ್‌ಟೇಕ್ ಆಗಬೇಕು. 18 ಟರ್ಬೊ ಮಾಡಿದ್ದು ಈ ಕೆಲಸಕ್ಕೆ. ರೇಸ್ ಓಡಿಸುವವರಿಗೆ ಅಂತ ಮಾಡಿದ್ದಲ್ಲ.

ಫ್ರಾನ್ಸಿನಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇತ್ತು, ದುಡ್ಡು. ಅಲ್ಲಿ ಪ್ರತಿ ವರ್ಷ ಕಾರಿಗೆ ಕಟ್ಟುತ್ತಿದ್ದ ತೆರಿಗೆ 'ತೆರಿಗೆಯ ಹಾರ್ಸ್‌ಪವರ್' ಅನ್ನುವ ಒಂದು ವಿಚಿತ್ರ ಲೆಕ್ಕದ ಮೇಲೆ ನಿಂತಿತ್ತು. ಆ ಲೆಕ್ಕದಲ್ಲಿ ಎಂಜಿನ್ ಎಷ್ಟು ಸಿಸಿ ಅನ್ನುವುದಕ್ಕೆ ದೊಡ್ಡ ಪಾಲು. ಅದರ ಮೇಲೆ 1973ರ ತೈಲ ಬಿಕ್ಕಟ್ಟು ಬೇರೆ ಬಂದು ದೊಡ್ಡ ಎಂಜಿನ್ ಅಂದರೆ ಜನ ಹೆದರುವ ಹಾಗಾಗಿತ್ತು. ರೆನೋದ್ದೇ ದೊಡ್ಡ ಕಾರು 'ರೆನೋ 30'ರಲ್ಲಿ 2664 ಸಿಸಿಯ ವಿ6, ಅಂದರೆ ಆರು ಸಿಲಿಂಡರ್‌ನ ಎಂಜಿನ್ ಇತ್ತು, ಅದರ ಪವರ್ 130ರ ಆಸುಪಾಸು. 18 ಟರ್ಬೊವನ್ನು ಸ್ವಲ್ಪ ದಿನದ ಮೇಲೆ 125ಕ್ಕೆ ಏರಿಸಿದರು. ಅಂದರೆ 1.6 ಲೀಟರ್ ಎಂಜಿನ್ ಹೆಚ್ಚುಕಡಿಮೆ ವಿ6ನ ಪಕ್ಕ ಬಂದು ನಿಂತಿತು. ಕೊಳ್ಳುವವನಿಗೆ ಇದಕ್ಕಿಂತ ಒಳ್ಳೆ ವ್ಯವಹಾರ ಇನ್ನೇನು ಬೇಕು?

ಟರ್ಬೊ ಅನ್ನುವ ಪದಕ್ಕೆ ಆಗ ಒಂದು ಮೆರುಗೂ ಇತ್ತು. 1977ರಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ರೆನೋ ತನ್ನ 1.5 ಲೀಟರ್ ಟರ್ಬೊ ಕಾರನ್ನು ಫಾರ್ಮುಲಾ 1ಕ್ಕೆ ಇಳಿಸಿದಾಗ ಅದು ದಾರಿಯಲ್ಲೇ ಹೊಗೆ ಬಿಡುತ್ತಾ ನಿಲ್ಲುತ್ತಿತ್ತು, ಬ್ರಿಟಿಷರು ಅದಕ್ಕೆ 'ಹಳದಿ ಟೀ ಕೆಟಲ್' ಅಂತ ಹೆಸರಿಟ್ಟು ನಕ್ಕರು. 1979ರಲ್ಲಿ ಡಿಜೋನ್‌ನ ಫ್ರೆಂಚ್ ಗ್ರಾನ್ ಪ್ರಿಯಲ್ಲಿ ಜಾನ್-ಪಿಯೆರ್ ಜಬೂಯಿ ಅದೇ ತಂಡಕ್ಕೆ ಮೊದಲ ಗೆಲುವು ತಂದುಕೊಟ್ಟ ಮೇಲೆ ನಗು ನಿಂತಿತು. ಅದರ ಮರುವರ್ಷವೇ 18 ಟರ್ಬೊ ಅಂಗಡಿಗೆ ಬಂತು. ಡಿಕ್ಕಿ ಮೇಲೊಂದು ಸ್ಪಾಯ್ಲರ್, ಅಲಾಯ್ ವ್ಹೀಲ್. ಅದು ಬಿಟ್ಟರೆ ಸಂಸಾರಸ್ಥರ ನಾಲ್ಕು ಬಾಗಿಲಿನ ಸೆಡಾನ್.

ಈಗ ಟರ್ಬೊ ಅಂದರೆ ಏನು ಅಂತ ಸ್ವಲ್ಪ ನೋಡೋಣ, ಗೊತ್ತಿರುವವರು ಮುಂದಿನ ಪ್ಯಾರಾಕ್ಕೆ ಹೋಗಬಹುದು. ಸೌದೆ ಒಲೆಗೆ ಊದುಗೊಳವೆಯಲ್ಲಿ ಊದಿದರೆ ಉರಿ ಏಳುತ್ತದಲ್ವಾ, ಅದೇ ತತ್ವ. ಎಂಜಿನ್‌ನಿಂದ ಸೈಲೆನ್ಸರ್ ಕಡೆ ಹೋಗುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಕಡ್ಡಿಯ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಎಳೆದು, ಅದುಮಿ, ಎಂಜಿನ್‌ಗೆ ತುಂಬುತ್ತದೆ. ಗಾಳಿ ಜಾಸ್ತಿ ಹೋದರೆ ಪೆಟ್ರೋಲೂ ಜಾಸ್ತಿ ಉರಿಸಬಹುದು, ಪವರ್ ಬರುತ್ತದೆ. ಈ ಚಕ್ರ ನಿಮಿಷಕ್ಕೆ 1 ಲಕ್ಷ ಸುತ್ತಿಗಿಂತಲೂ ಜಾಸ್ತಿ ತಿರುಗಬಲ್ಲದು. ಹೊಗೆ ಸಾಕಷ್ಟು ಬರುವ ತನಕ ಅದು ವೇಗ ಹಿಡಿಯುವುದಿಲ್ಲ, ಆ ಕಾಯುವ ಹೊತ್ತಿಗೇ 'ಲ್ಯಾಗ್' ಅನ್ನುವುದು.

ಎರಡು ಕಾರಲ್ಲೂ ಇದ್ದದ್ದು ಗ್ಯಾರೆಟ್ ಕಂಪನಿಯ ಟಿ3 ಸರಣಿಯ ಟರ್ಬೊ. ಎರಡರಲ್ಲೂ ಇಂಟರ್‌ಕೂಲರ್ ಇತ್ತು, ಅಂದರೆ ಅದುಮಿದಾಗ ಬಿಸಿಯಾದ ಗಾಳಿಯನ್ನು ಎಂಜಿನ್‌ಗೆ ಹೋಗುವ ಮುಂಚೆ ತಣ್ಣಗೆ ಮಾಡುವ ಸಣ್ಣ ರೇಡಿಯೇಟರ್. ಹಾಗಾಗಿ ಟರ್ಬೊ ಒಂದನ್ನೇ ನೋಡಿದರೆ ಹೇಳಿಕೊಳ್ಳುವ ವ್ಯತ್ಯಾಸ ಏನಿಲ್ಲ. ವ್ಯತ್ಯಾಸ ಇರುವುದು ಪೆಟ್ರೋಲ್ ಅಳೆದು ಕೊಡುವ ಕಡೆ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ, ಯಾಕಂದರೆ ನನ್ನ ಪ್ರಕಾರ ಈ ಎರಡು ಕಾರುಗಳ ಕಥೆಯೆಲ್ಲ ಇಲ್ಲೇ ಇದೆ.

18 ಟರ್ಬೊದಲ್ಲಿ ಕಾರ್ಬುರೇಟರ್. ಸಾಮಾನ್ಯ ಕಾರ್ಬುರೇಟರ್ ಕೆಲಸ ಮಾಡುವುದು ಎಂಜಿನ್‌ನ ಎಳೆತದಿಂದ. ಗಾಳಿ ಕಿರಿದಾದ ಕೊಳವೆಯಲ್ಲಿ ಜೋರಾಗಿ ಹೋಗುವಾಗ ಅಲ್ಲಿ ಒತ್ತಡ ಕಡಿಮೆ ಆಗುತ್ತದೆ, ಪಕ್ಕದ ಫ್ಲೋಟ್ ಚೇಂಬರ್‌ನಲ್ಲಿ ನಿಂತಿರುವ ಪೆಟ್ರೋಲ್ ಮೇಲೆ ಹೊರಗಿನ ಗಾಳಿಯ ಒತ್ತಡ ಇರುತ್ತದೆ, ಈ ಎರಡರ ನಡುವಿನ ವ್ಯತ್ಯಾಸ ಪೆಟ್ರೋಲನ್ನು ಜೆಟ್ ಅನ್ನುವ ಸಣ್ಣ ತೂತಿನ ಮೂಲಕ ಮೇಲಕ್ಕೆ ಎತ್ತುತ್ತದೆ. ಸರಿ. ಈಗ ಟರ್ಬೊ ಬಂದು ಆ ಕೊಳವೆಗೆ ಅದುಮಿದ ಗಾಳಿ ತುಂಬಿತು ಅಂದುಕೊಳ್ಳಿ. ಕೊಳವೆಯಲ್ಲಿ ಒತ್ತಡ ಜಾಸ್ತಿ, ಚೇಂಬರ್‌ನಲ್ಲಿ ಕಡಿಮೆ. ಪೆಟ್ರೋಲ್ ಮೇಲಕ್ಕೆ ಬರುವುದಿರಲಿ, ಹಿಂದಕ್ಕೆ ತಳ್ಳಿಸಿಕೊಳ್ಳುತ್ತದೆ.

ಇದಕ್ಕೆ ಪರಿಹಾರ ಏನು? ಚೇಂಬರ್ ಒಳಗೂ ಅದೇ ಟರ್ಬೊದ ಒತ್ತಡ ಕೊಡಬೇಕು. ಚೇಂಬರ್‌ನಲ್ಲಿ ಒತ್ತಡ ಏರಿದರೆ ಪಂಪ್‌ನಿಂದ ಬರುವ ಪೆಟ್ರೋಲ್ ಅದರೊಳಗೆ ನುಗ್ಗುವುದಿಲ್ಲ, ಹಾಗಾಗಿ ಪಂಪ್‌ನ ಒತ್ತಡವೂ ಟರ್ಬೊ ಜೊತೆಗೇ ಏರಬೇಕು. ಕಾರ್ಬುರೇಟರ್‌ನ ಸಂದಿಗೊಂದಿಯಲ್ಲೆಲ್ಲ ಗಾಳಿ, ಪೆಟ್ರೋಲ್ ಹೊರಗೆ ಸೋರದ ಹಾಗೆ ಬಿಗಿ ಮಾಡಬೇಕು. ಒಂದನ್ನು ಸರಿ ಮಾಡಲು ಹೋದರೆ ಇನ್ನೊಂದು ಎದ್ದು ಕೂರುತ್ತದೆ. ಗಾಳಿ ಟರ್ಬೊ ಸೇರುವ ಮುಂಚೆಯೇ ಕಾರ್ಬುರೇಟರ್ ದಾಟುವ ಹಾಗೆ ಇಟ್ಟರೆ ಈ ತಲೆನೋವು ಇರುವುದಿಲ್ಲ ನಿಜ, ಆದರೆ ಆಗ ಟರ್ಬೊ ಒಳಗೆ ಹೋಗುವುದು ಪೆಟ್ರೋಲ್ ಬೆರೆತ ಗಾಳಿ. ಅದನ್ನು ಇಂಟರ್‌ಕೂಲರ್‌ನಲ್ಲಿ ತಣ್ಣಗೆ ಮಾಡಲು ಹೋದರೆ ಪೆಟ್ರೋಲ್ ಅಲ್ಲೇ ಹನಿಯಾಗಿ ಕೂರುತ್ತದೆ. ಇಂಟರ್‌ಕೂಲರ್ ಬೇಕು ಅಂತ ರೆನೋ ಕಷ್ಟದ ದಾರಿಯನ್ನೇ ಆರಿಸಿಕೊಂಡಿತು.

ಇಷ್ಟೆಲ್ಲ ಮಾಡಿದರೂ ಒಂದು ಕೊರತೆ ಉಳಿಯುತ್ತದೆ. ಕಾರ್ಬುರೇಟರ್‌ಗೆ ತಲೆ ಇಲ್ಲ. ಜೆಟ್‌ನ ತೂತು ಎಷ್ಟಿದೆಯೋ ಅಷ್ಟೇ ಪೆಟ್ರೋಲ್. ಹೊರಗೆ ಬಿಸಿಲೋ ಚಳಿಯೋ, ಎಂಜಿನ್ ಕಾದಿದೆಯೋ ಇಲ್ಲವೋ, ಅದಕ್ಕೆ ಗೊತ್ತಾಗುವುದು ಬಹಳ ಕಡಿಮೆ. ಟರ್ಬೊ ಎಂಜಿನ್‌ನಲ್ಲಿ ಪೆಟ್ರೋಲ್ ಸ್ವಲ್ಪ ಕಡಿಮೆಯಾದರೂ ನಾಕಿಂಗ್ ಶುರುವಾಗುತ್ತದೆ, ಅಂದರೆ ಕಿಡಿ ಹೊತ್ತಿಸಿದ ಬೆಂಕಿ ತಲುಪುವ ಮುಂಚೆಯೇ ಸಿಲಿಂಡರ್‌ನ ಇನ್ನೊಂದು ಮೂಲೆಯಲ್ಲಿ ತಾನಾಗಿ ಸ್ಫೋಟ. ಹೀಗೆ ಜಾಸ್ತಿ ಹೊತ್ತು ನಡೆದರೆ ಪಿಸ್ಟನ್ ತೂತು. ಹಾಗಾಗಿ ಎಂಜಿನಿಯರ್‌ಗಳು ಯಾವಾಗಲೂ ಹುಷಾರಿನ ಕಡೆಗೇ ವಾಲಬೇಕು: ಟರ್ಬೊದ ಒತ್ತಡ ಹಿತಮಿತ, ಪೆಟ್ರೋಲ್ ಒಂದು ಚೂರು ಜಾಸ್ತಿ, ಕಂಪ್ರೆಷನ್ (ಸಿಲಿಂಡರ್ ಒಳಗೆ ಪಿಸ್ಟನ್ ಎಷ್ಟು ಪಟ್ಟು ಅದುಮುತ್ತದೆ ಅನ್ನುವುದು) ಕಡಿಮೆ. 18 ಟರ್ಬೊದ್ದು 8.6ಕ್ಕೆ 1. ಪವರ್ 110ಕ್ಕೆ ನಿಂತಿದ್ದು ಇದಕ್ಕೇ.

ಇನ್ನು 21.

ರೆನೋ 21 ಬಂದದ್ದು 1986ರಲ್ಲಿ, ಅದರ ಟರ್ಬೊ 1987ರಲ್ಲಿ. ಇಟಲಿಯ ಕಾರ್ ಡಿಸೈನರ್ ಜುಜಾರೊ ಕೈಯಲ್ಲಿ ರೂಪ ಪಡೆದ, ಗೆರೆ ಎಳೆದ ಹಾಗಿರುವ ಚೌಕದ ಸೆಡಾನ್. ಎಂಜಿನ್ 1995 ಸಿಸಿ. ಫ್ರಾನ್ಸಿನ ಉತ್ತರದ ದೂವ್ರಾನ್‌ನಲ್ಲಿ ರೆನೋ ಮತ್ತು ಪೂಜೋ ಸೇರಿ ನಡೆಸುತ್ತಿದ್ದ ಕಾರ್ಖಾನೆಯದ್ದು, ಅಲ್ಯೂಮಿನಿಯಂ ಬ್ಲಾಕ್, ತಲೆಯ ಮೇಲೆ ವಾಲ್ವ್ ತೆರೆಯುವ ಒಂದೇ ಕ್ಯಾಮ್‌ಶಾಫ್ಟ್, ಸಿಲಿಂಡರ್‌ಗೆ ಎರಡೇ ವಾಲ್ವ್. ಅಂಥಾ ಹೈಟೆಕ್ ಏನಲ್ಲ. ಆದರೆ ಪವರ್ 5200 ಆರ್‌ಪಿಎಂನಲ್ಲಿ 175, ಟಾರ್ಕ್ 3000ದಲ್ಲಿ 270. ಮೇಲೆ ಹೇಳಿದ ಲೆಕ್ಕದಲ್ಲೇ ಹೇಳುವುದಾದರೆ ಇದು 3.3 ಲೀಟರ್ ಎಂಜಿನ್‌ನ ಟಾರ್ಕ್! ರೆನೋದ ಅತಿ ದೊಡ್ಡ ಕಾರು 25ರ ವಿ6 ಟರ್ಬೊದ್ದೇ 182 ಹಾರ್ಸ್‌ಪವರ್. ಅಣ್ಣನ ಹೆಗಲಿಗೆ ತಮ್ಮ ಬಂದ.

ಇದು ಸಾಧ್ಯ ಆದದ್ದು ಎಲೆಕ್ಟ್ರಾನಿಕ್ಸ್‌ನಿಂದ. ರೆನೋ ಮತ್ತು ಬೆಂಡಿಕ್ಸ್ ಸೇರಿ ಕಟ್ಟಿದ ರೆನಿಕ್ಸ್ ಅನ್ನುವ ಕಂಪನಿಯ ಪೆಟ್ಟಿಗೆ 21 ಟರ್ಬೊದಲ್ಲಿ ಪೆಟ್ರೋಲನ್ನೂ ಕಿಡಿಯನ್ನೂ ನೋಡಿಕೊಳ್ಳುತ್ತದೆ. ಪ್ರತಿ ಸಿಲಿಂಡರ್‌ಗೂ ಪೆಟ್ರೋಲ್ ಚಿಮ್ಮಿಸುವ ಬೇರೆ ಇಂಜೆಕ್ಟರ್. ಒತ್ತಡ, ಉಷ್ಣತೆ, ಎಂಜಿನ್ ವೇಗ ಎಲ್ಲ ಅಳೆದು ಎಷ್ಟು ಹೊತ್ತು ಇಂಜೆಕ್ಟರ್ ತೆರೆಯಬೇಕು ಅಂತ ಲೆಕ್ಕ ಹಾಕುತ್ತದೆ. ಎಂಜಿನ್‌ಗೆ ಕಿವಿಗೊಟ್ಟ ಒಂದು ಸೆನ್ಸರ್ ನಾಕಿಂಗ್ ಸದ್ದು ಕೇಳಿದ ಕೂಡಲೇ ಕಿಡಿಯನ್ನು ಸ್ವಲ್ಪ ತಡ ಮಾಡುತ್ತದೆ. ಇದರಿಂದ ಏನಾಯ್ತು ಅಂದರೆ, ಎಂಜಿನಿಯರ್‌ಗಳು ಮೊದಲಿನ ಹಾಗೆ ಹೆದರಿ ಹತ್ತು ಹೆಜ್ಜೆ ಹಿಂದೆ ನಿಲ್ಲಬೇಕಾಗಲಿಲ್ಲ, ಅಂಚಿನ ತನಕ ಹೋಗಬಹುದಾಯ್ತು. ಲೀಟರ್‌ಗೆ ಎಷ್ಟು ಪವರ್ ಅಂತ ನೋಡಿದರೆ 18ಕ್ಕೆ ಸುಮಾರು 70, 21ಕ್ಕೆ ಸುಮಾರು 88. ಸುಮ್ನೆ ಇವತ್ತಿನ ಅಂದಾಜಿಗೆ ಹೇಳುವುದಾದರೆ, ನಮ್ಮ ಊರುಗಳಲ್ಲಿ ಓಡಾಡುವ ರೆನೋ ಕೈಗರ್ ಟರ್ಬೊ 999 ಸಿಸಿಯಲ್ಲಿ 100 ಕೊಡುತ್ತದೆ. ಬುದ್ಧಿ ಹೆಚ್ಚಿದ ಹಾಗೆಲ್ಲ ಅದೇ ಗಾಳಿ ಒತ್ತುವ ಉಪಾಯ ಜಾಸ್ತಿ ಕೆಲಸ ಮಾಡುತ್ತಾ ಬಂದಿದೆ.

ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ ಸುಮಾರು 7024ರಿಂದ ಭಾಗಿಸಿದರೆ ಆ ವೇಗದಲ್ಲಿ ಎಷ್ಟು ಹಾರ್ಸ್‌ಪವರ್ ಅಂತ ಸಿಗುತ್ತದೆ. 21 ಟರ್ಬೊ 3000 ಆರ್‌ಪಿಎಂನಲ್ಲಿ 270 ಕೊಡುತ್ತದೆ, ಅಂದರೆ ಸುಮಾರು 115. ಮೊದಲ 18 ಟರ್ಬೊ ತನ್ನ ತುತ್ತತುದಿಯಲ್ಲಿ, 5000 ಆರ್‌ಪಿಎಂನಲ್ಲಿ, ಕೊಡುವುದು 110. ಅಂದರೆ 18 ಉಸಿರುಗಟ್ಟಿ ಮಾಡುವುದನ್ನು 21 ಅರ್ಧ ದಾರಿಯಲ್ಲೇ ಮಾಡಿ ಮುಗಿಸಿರುತ್ತದೆ. ನಿಂತಲ್ಲಿಂದ 100 ಕಿಮೀ ವೇಗಕ್ಕೆ 21 ಟರ್ಬೊಗೆ 7.4 ಸೆಕೆಂಡ್ ಅಂತ ಕಂಪನಿ ಹೇಳುತ್ತಿತ್ತು, 18ಕ್ಕೆ 10ರ ಆಸುಪಾಸು.

ಗರಿಷ್ಠ ವೇಗ 18ಕ್ಕೆ ಗಂಟೆಗೆ 185 ಕಿಮೀ, 21ಕ್ಕೆ 227. ಇಲ್ಲೂ ಒಂದು ಮಜಾ ಇದೆ. ಗಾಳಿಯನ್ನು ಸೀಳಿಕೊಂಡು ಹೋಗಲು ಬೇಕಾದ ಪವರ್ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ, ಅಂದರೆ ವೇಗ ಎರಡರಷ್ಟಾದರೆ ಪವರ್ ಎಂಟರಷ್ಟು ಬೇಕು. ಆ ಲೆಕ್ಕದಲ್ಲಿ 185ರಿಂದ 227ಕ್ಕೆ ಹೋಗಲು 110 ಇದ್ದದ್ದು 203 ಆಗಬೇಕಿತ್ತು. 21 ಅದನ್ನು 175ರಲ್ಲೇ ಮಾಡಿತು. ಉಳಿದದ್ದನ್ನು ಬಹುಮಟ್ಟಿಗೆ ಮಾಡಿದ್ದು ಬಾಡಿಯ ಆಕಾರ. 18 ಅನ್ನುವುದು ಹಳೇ 12ರ ತಳಪಾಯದ ಮೇಲೆ 1978ರಲ್ಲಿ ಕಟ್ಟಿದ ಕಾರು, ಗಾಳಿಯ ಸುರಂಗದಲ್ಲಿ ಕೂತು ತಲೆ ಕೆಡಿಸಿಕೊಂಡ ಕಾಲದ್ದಲ್ಲ.

ಹಾಗಂತ 21 ಎಲ್ಲದರಲ್ಲೂ ಮುಂದೆ ಅನ್ನಲಾಗದು. ಟಾರ್ಕ್ ಎಲ್ಲಿ ಬರುತ್ತದೆ ನೋಡಿ, 18ರಲ್ಲಿ 2250, 21ರಲ್ಲಿ 3000. ಕೆಳಗಿನ ಆರ್‌ಪಿಎಂನಲ್ಲಿ 21 ಸ್ವಲ್ಪ ಮಂಕು. ಆಮೇಲೆ ಒಮ್ಮೆಲೇ ಎಳೆದುಕೊಂಡು ಹೋಗುತ್ತದೆ. ನಮ್ಮಲ್ಲಿ ಡಸ್ಟರ್ ಡೀಸೆಲ್ ಇಟ್ಟವರಿಗೆ ಇದು ಗೊತ್ತಿರುವ ವಿಷಯ. ಒಂದೇ 1.5 ಲೀಟರ್ ಎಂಜಿನ್, 85 ಮತ್ತು 110 ಅಂತ ಎರಡು ಬಗೆ. 85 ತಗೊಂಡವರು ಘಾಟಿಯಲ್ಲಿ ಎರಡನೇ ಗೇರ್‌ನಲ್ಲಿ ಆರಾಮಾಗಿ ಹತ್ತುತ್ತದೆ ಅಂತ ಖುಷಿ, 110 ತಗೊಂಡವರು ಹೈವೇ ಸಿಕ್ಕರೆ ಖುಷಿ, ತಿರುವಿನಲ್ಲಿ ಆರ್‌ಪಿಎಂ ಬಿದ್ದರೆ ಬೈಗುಳ. 18 ಮತ್ತು 21ರ ನಡುವಿನ ಗುಣದ ವ್ಯತ್ಯಾಸವೂ ಹೀಗೇ. ಹದವಾದ ಟರ್ಬೊ, ಆಸೆಯ ಟರ್ಬೊ.

ಎಂಜಿನ್ ಕೂರಿಸಿದ ರೀತಿಯದ್ದು ಇನ್ನೊಂದು ಕಥೆ, ನನಗೆ ಬಹಳ ಇಷ್ಟವಾದದ್ದು. 18ರಲ್ಲಿ ಎಂಜಿನ್ ಉದ್ದಕ್ಕೆ ಇದೆ, ಮುಂದಿನ ಚಕ್ರಗಳಿಗಿಂತ ಮುಂದೆ, ಗೇರ್‌ಬಾಕ್ಸ್ ಅದರ ಹಿಂದೆ, ಎಳೆಯುವುದು ಮುಂದಿನ ಚಕ್ರ. 1986ರ ಹೊತ್ತಿಗೆ ಎಲ್ಲರೂ ಎಂಜಿನ್ ಅಡ್ಡಕ್ಕೆ ಇಡುತ್ತಿದ್ದರು, ಜಾಗ ಉಳಿಯುತ್ತದೆ ಅಂತ. ರೆನೋ 21ರಲ್ಲೂ 1.7 ಲೀಟರ್ ಎಂಜಿನ್ ಅಡ್ಡಕ್ಕೇ ಇದೆ. ಆದರೆ 2 ಲೀಟರ್ ಎಂಜಿನ್‌ನ ಟಾರ್ಕ್ ತಡೆಯುವಂಥ ಅಡ್ಡ ಗೇರ್‌ಬಾಕ್ಸ್ ಆಗ ರೆನೋ ಹತ್ತಿರ ಇರಲಿಲ್ಲ. ಹೊಸದಾಗಿ ಮಾಡಲು ದುಡ್ಡೂ ಕಷ್ಟ, ಕಂಪನಿ ಆಗ ಭಾರೀ ನಷ್ಟದಲ್ಲಿತ್ತು. ಹಾಗಾಗಿ ದೊಡ್ಡ ಎಂಜಿನ್‌ನವಕ್ಕೆ ಉದ್ದಕ್ಕೇ ಕೂರಿಸಿಬಿಟ್ಟರು. ಹೊರಗಿನಿಂದ ನೋಡಲು ಒಂದೇ ಕಾರು, ಆದರೆ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಇರುವ ದೂರ ಅಡ್ಡ ಎಂಜಿನ್‌ನದ್ದರಲ್ಲಿ 2659 ಮಿಲಿಮೀಟರ್, ಉದ್ದ ಎಂಜಿನ್‌ನದ್ದರಲ್ಲಿ 2600! ಎರಡು ಬಗೆಯ 21 ಪಕ್ಕಪಕ್ಕ ನಿಂತಿದ್ದರೆ ಮುಂದಿನ ಚಕ್ರ ಎಲ್ಲಿದೆ ಅಂತ ಗಮನಿಸಿ, ಬಾನೆಟ್ ಎತ್ತದೆಯೇ ಹೇಳಬಹುದು.

ಜುಗಾಡ್ ಅನ್ನಿಸಬಹುದು, ಆದರೆ ಟರ್ಬೊಗೆ ಇದೇ ವರ ಆಯ್ತು. ಗೇರ್‌ಬಾಕ್ಸ್ ನಡುವೆ ಇರುವುದರಿಂದ ಎಡ ಬಲ ಎರಡೂ ಚಕ್ರಕ್ಕೆ ಹೋಗುವ ಆಕ್ಸಲ್ ಒಂದೇ ಉದ್ದ. ಅಡ್ಡ ಎಂಜಿನ್ ಕಾರುಗಳಲ್ಲಿ ಸಾಮಾನ್ಯವಾಗಿ ಒಂದು ಉದ್ದ ಒಂದು ಗಿಡ್ಡ, ಟಾರ್ಕ್ ಜಾಸ್ತಿಯಾದಾಗ ಸ್ಟೇರಿಂಗ್ ಒಂದು ಕಡೆ ಎಳೆಯುವುದಕ್ಕೆ ಅದೂ ಒಂದು ಕಾರಣ. 270 ನ್ಯೂಟನ್ ಮೀಟರ್ ಎರಡೇ ಮುಂದಿನ ಚಕ್ರಕ್ಕೆ ಅಂದಾಗ 21ರ ಸ್ಟೇರಿಂಗ್ ಪೂರಾ ಸುಮ್ಮನಿರುತ್ತದೆ ಅಂತಲ್ಲ, ಮಳೆಯಲ್ಲಿ ಗಟ್ಟಿಯಾಗಿ ಹಿಡಿಯಬೇಕು, ಆದರೆ ಅಡ್ಡ ಎಂಜಿನ್ ಆಗಿದ್ದರೆ ಕಷ್ಟ ಇನ್ನೂ ಜಾಸ್ತಿ ಇರುತ್ತಿತ್ತು. ಇನ್ನೊಂದು ಲಾಭ, ಉದ್ದಕ್ಕಿರುವ ಗೇರ್‌ಬಾಕ್ಸ್‌ನ ಹಿಂಭಾಗದಿಂದ ಒಂದು ಶಾಫ್ಟ್ ಎಳೆದರೆ ಹಿಂದಿನ ಚಕ್ರಗಳಿಗೂ ಪವರ್ ಕೊಡಬಹುದು. ಕ್ವಾಡ್ರಾ ಅನ್ನುವ ಹೆಸರಲ್ಲಿ ನಾಲ್ಕೂ ಚಕ್ರ ಎಳೆಯುವ 21 ಟರ್ಬೊ ಬಂದದ್ದು ಹೀಗೆ. ರೇಸ್ ಡ್ರೈವರ್ ಜಾನ್ ರಾನ್ಯೊಟಿ 1988ರಲ್ಲಿ ಫ್ರಾನ್ಸಿನ ಸೂಪರ್‌ಪ್ರೊಡಕ್ಷನ್ ಕಾರ್ ರೇಸ್ ಚಾಂಪಿಯನ್‌ಶಿಪ್ ಗೆದ್ದ 21 ಟರ್ಬೊ ಕೂಡ ನಾಲ್ಕೂ ಚಕ್ರ ಎಳೆಯುವುದೇ. ಫ್ರಾನ್ಸಿನ ಹೈವೇ ಪೊಲೀಸರು ಜಾಂಡಾರ್ಮರಿಯವರೂ ವೇಗದ ಗಾಡಿಗಳನ್ನು ಬೆನ್ನಟ್ಟಲು 21 ಟರ್ಬೊ ಇಟ್ಟುಕೊಂಡಿದ್ದರು.

ಸಸ್ಪೆನ್ಷನ್ ಬಗ್ಗೆ ಚುಟುಕಾಗಿ: 18ರ ಹಿಂದೆ ಒಂದೇ ಗಟ್ಟಿ ಆಕ್ಸಲ್, 21ರ ಹಿಂದೆ ಎಡ ಬಲ ಬೇರೆ ಬೇರೆ. 21ಕ್ಕೆ ಎಬಿಎಸ್ ಬ್ರೇಕ್ ಬಂತು, 18ರ ಕಾಲಕ್ಕೆ ಅದು ಈ ದರ್ಜೆಯ ಕಾರಿಗೆ ಕನಸು. ಎರಡರಲ್ಲೂ ಎಂಜಿನ್ ಮೂಗಿನ ತುದಿಯಲ್ಲಿ ತೂಗುತ್ತಿರುವುದರಿಂದ ವೇಗವಾಗಿ ತಿರುವಿಗೆ ಹೋದರೆ ಕಾರು ಹೊರಕ್ಕೇ ಜಾರಲು ನೋಡುತ್ತದೆ, ಇದಕ್ಕೆ ಮದ್ದಿಲ್ಲ.

ನನಗೆ ಕೇಳಿದರೆ ಓಡಿಸಲು 21, ಬಾನೆಟ್ ಎತ್ತಿ ಕಲಿಯಲು 18. ಎಲ್ಲಾ ಪೈಪು, ಎಲ್ಲಾ ಒತ್ತಡ ಕಣ್ಣಿಗೆ ಕಾಣುವ ಹಾಗಿದೆ ಅದರಲ್ಲಿ. ಯಾವ ಪೈಪ್ ಕಿತ್ತರೆ ಏನಾಗುತ್ತದೆ ಅಂತ ಯೋಚಿಸಿ ಹೇಳಬಹುದು. 21ರಲ್ಲಿ ಅರ್ಧ ಉತ್ತರ ಆ ರೆನಿಕ್ಸ್ ಪೆಟ್ಟಿಗೆಯೊಳಗೆ ಇದೆ, ಅದು ಮಾತಾಡುವುದಿಲ್ಲ.

ಈ ಕಾರುಗಳನ್ನು ನಮ್ಮ ರಸ್ತೆಯಲ್ಲಿ ನೋಡುವ ಆಸೆ ಬಿಡಿ. ಆದರೆ ಫ್ರಾನ್ಸ್, ಜರ್ಮನಿ ಕಡೆ ಇರುವ ನಮ್ಮವರು ಬೇಕಾದಷ್ಟು ಜನ. ಅಲ್ಲಿ 30 ವರ್ಷ ದಾಟಿದ ಗಾಡಿಗೆ ಹಳೇ ಕಾರಿನ ಪ್ರತ್ಯೇಕ ನೋಂದಣಿ ಮಾಡಿಸಬಹುದು, 18 ಮತ್ತು 21 ಎರಡೂ ಆ ಗೆರೆ ದಾಟಿವೆ. ಯಾರಾದರೂ ಕೊಳ್ಳಲು ಹೊರಟರೆ ಒಂದೆರಡು ವಿಷಯ. 18 ಟರ್ಬೊ ನೋಡುವಾಗ ಕಾರನ್ನು ಚೆನ್ನಾಗಿ ಓಡಿಸಿ, ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ಟರ್ಬೊದ ಕಾವಿಗೆ ಕಾರ್ಬುರೇಟರ್‌ನ ಪೆಟ್ರೋಲ್ ಕುದ್ದು ಆವಿಯಾದರೆ ಸ್ಟಾರ್ಟರ್ ಎಷ್ಟು ಕುಯ್ಯ್ ಅಂದರೂ ಎಂಜಿನ್ ಹಿಡಿಯುವುದಿಲ್ಲ. ಇದು ಆ ಪೀಳಿಗೆಯ ಕಾರ್ಬುರೇಟರ್ ಟರ್ಬೊಗಳಿಗೆಲ್ಲ ಇದ್ದ ರೋಗ, 1985ರ ರೆನೋ 5 ಜಿಟಿ ಟರ್ಬೊದಲ್ಲಿ ಎಂಜಿನ್ ಆಫ್ ಆದ ಮೇಲೂ ಕಾರ್ಬುರೇಟರ್‌ಗೆ ಗಾಳಿ ಬೀಸಲು ಒಂದು ಫ್ಯಾನನ್ನೇ ಇಟ್ಟಿದ್ದರು. ಜೋರಾಗಿ ಓಡಿಸಿ ಬಂದ ಕೂಡಲೇ ಕೀ ತಿರುಗಿಸಿ ಆಫ್ ಮಾಡುವ ಅಭ್ಯಾಸವೂ ಬೇಡ. ಎಂಜಿನ್ ನಿಂತರೆ ಆಯಿಲ್ ಹರಿವು ನಿಲ್ಲುತ್ತದೆ, ಕೆಂಪಗೆ ಕಾದ ಟರ್ಬೊ ಒಳಗೆ ಉಳಿದ ಆಯಿಲ್ ಸುಟ್ಟು ಕರಿಯಾಗಿ ಬೇರಿಂಗ್‌ಗೆ ಅಂಟುತ್ತದೆ. ಒಂದು ನಿಮಿಷ ಸುಮ್ನೆ ಓಡಲು ಬಿಡಿ.

21 ಟರ್ಬೊ ಆದರೆ ಮೊದಲು ಇಸವಿ ಕೇಳಿ. ಹೊಗೆಯ ವಿಷ ಕಮ್ಮಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಂದ ಮೇಲಿನವುಗಳಲ್ಲಿ ಪವರ್ 175ರಿಂದ 162ಕ್ಕೆ ಇಳಿದಿದೆ, ಮಾರುವವರು ಎಲ್ಲದಕ್ಕೂ 175 ಅಂತಲೇ ಬರೆದಿರುತ್ತಾರೆ. ಕ್ವಾಡ್ರಾ ಆಗಿದ್ದರೆ ಕೆಳಗೆ ಮಲಗಿ ಹಿಂದಿನ ಎರಡು ಚಕ್ರಕ್ಕೆ ಪವರ್ ಹಂಚುವ ಡಿಫರೆನ್ಷಿಯಲ್ ಸುತ್ತ ಆಯಿಲ್ ಸೋರಿದೆಯಾ ನೋಡಿ, ಬಿಡಿಭಾಗ ಹುಡುಕುವುದರಲ್ಲೇ ವರ್ಷ ಕಳೆಯಬಹುದು.